ಎರ್ಲಿಂಡಾಳ ಹೆಸರಿನ ಕಾನೂನು

ನಮ್ಮ ರಾಜ್ಯದಲ್ಲಿ ಒಂದು ಕಾನೂನಿಗೆ ಎರ್ಲಿಂಡಾ ಮಗ್ಬಾನುವಾ ಎಂಬ ಹೆಂಗಸಿನ ಹೆಸರಿಟ್ಟಿದ್ದಾರೆ. ಹೆಸರಿಟ್ಟವರಿಗೆ ಅವಳ ವಿಷಯ ಗೊತ್ತಿರುವುದು ಅರ್ಧ ಪುಟದಷ್ಟು. ನಾನು ಅವಳನ್ನು ಒಂಬತ್ತು ವರ್ಷದಿಂದ ದಿನಾ ನೋಡುತ್ತಿದ್ದೇನೆ, ಅವಳ ಕೈಯ ಊಟ ಉಣ್ಣುತ್ತಿದ್ದೇನೆ, ಅವಳಿಗೆ ಒಂದು ದೊಡ್ಡ ಅನ್ಯಾಯವನ್ನೂ ಮಾಡಿದ್ದೇನೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದು. ನನ್ನ ಹೆಸರು ಕ್ಯಾಸಿಮಿರ್ ಯುರ್ಕಾವೇಜ್, ಊರಿನವರ ಬಾಯಲ್ಲಿ ಕ್ಯಾಸ್. ಡೊನೆಗನ್ ಊರಿನ ಸರ್ಕಾರಿ ಶಾಲೆಯ ನೆಲಮಾಳಿಗೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಬರೆಯುವುದು ನನ್ನ ಕಸುಬಲ್ಲ. ಬೈಯುವುದು ಸ್ವಲ್ಪ ಮಟ್ಟಿಗೆ ಕಸುಬೇ, ಏಕೆಂದರೆ ಆ ಬಾಯ್ಲರ್ ನನ್ನಪ್ಪನಿಗಿಂತ ಎರಡು ವರ್ಷ ದೊಡ್ಡದು.

ನಮ್ಮ ಶಾಲೆಯಲ್ಲಿ ದಕ್ಷಿಣದ ಕೋಣೆಗಳ ಮಕ್ಕಳು ಜನವರಿಯಲ್ಲೂ ಬೆವರುತ್ತಾರೆ, ಉತ್ತರದ ಕೋಣೆಗಳ ಮಕ್ಕಳು ಕೋಟು ಹಾಕಿಕೊಂಡೇ ಲೆಕ್ಕ ಮಾಡುತ್ತಾರೆ. ಸಂಗೀತದ ಕೋಣೆಗೆ ಬೀಗ ಬಿದ್ದು ಆರು ವರ್ಷವಾಯಿತು, ಮಳೆ ಬಂದರೆ ನೀರು ನೇರ ಪಿಯಾನೋದೊಳಕ್ಕೆ. ಮೂರು ಶಾಲೆಗೆ ಸೇರಿ ಒಬ್ಬಳೇ ನರ್ಸು, ಹಾಗಾಗಿ ನಮ್ಮ ಮಕ್ಕಳು ಮಂಗಳವಾರ, ಗುರುವಾರ ಮಾತ್ರ ಹೊಟ್ಟೆನೋವು ಬರಿಸಿಕೊಳ್ಳಬೇಕು. ಗುಡ್ಡದ ಆಚೆ ಲಾರೆಲ್ ಹೈಟ್ಸ್ ಶಾಲೆಯಲ್ಲಿ ಈಜುಕೊಳವಿದೆ, ಅದರ ನೀರು ನಮ್ಮ ಎರಡನೇ ತರಗತಿಗಿಂತ ಬೆಚ್ಚಗಿರುತ್ತದೆ. ಶಾಲೆಗೆ ದುಡ್ಡು ಬರುವುದು ಊರಿನ ಮನೆ ತೆರಿಗೆಯಿಂದ, ಗಣಿ ಮುಚ್ಚಿದ ಊರಿನ ಮನೆಗೆ ಯಾರು ಬೆಲೆ ಕಟ್ಟುತ್ತಾರೆ? ನ್ಯಾಯವಾಗಿ ಹಂಚುವ ಸೂತ್ರವೊಂದನ್ನು ರಾಜಧಾನಿಯವರು ಬರೆದಿಟ್ಟಿದ್ದಾರೆ, ಸುಳ್ಳು ಹೇಳಬಾರದು. ಆದರೆ ಅದು ವರ್ಷವರ್ಷ ಹೊಸದಾಗಿ ಸೇರಿಸುವ ಚೂರಿಗೆ ಮಾತ್ರ. ಹಳೆಯ ದೊಡ್ಡ ಗಂಟು ಹಳೆಯ ದಾರಿಯಲ್ಲೇ ಹೋಗುತ್ತದೆ. ಮೂಗಿಗೆ ತುಪ್ಪ ಸವರುವುದನ್ನು ಅವರಿಂದ ಕಲಿಯಬೇಕು.

ಎರ್ಲಿಂಡಾ ಈ ಶಾಲೆಯ ಅಡುಗೆಮನೆಗೆ ಬಂದಾಗ ಅವಳಿಗೆ ನಲವತ್ತೆಂಟು. ಗಿಡ್ಡ ಹೆಂಗಸು, ಫಿಲಿಪೀನ್ಸಿನ ಇಲೋಯಿಲೋ ಕಡೆಯವಳು. ಮೊದಲ ವಾರದಲ್ಲೇ ಅವಳ ಎರಡು ಅಭ್ಯಾಸ ಎಲ್ಲರ ಕಣ್ಣಿಗೆ ಬಿತ್ತು. ಒಂದು, ಬಡಿಸುವಾಗ ಸೌಟನ್ನು ಸಮ ಮಾಡುತ್ತಿರಲಿಲ್ಲ. ತಟ್ಟೆಗಿಷ್ಟು ಎಂದು ಸರ್ಕಾರ ಅಳತೆ ಕೊಟ್ಟಿದೆ, ಆದರೆ ಸೋಮವಾರ ಬೆಳಿಗ್ಗೆ ಕೆಲವು ಮಕ್ಕಳ ಮುಖ ನೋಡಿದರೆ ಶನಿವಾರ, ಭಾನುವಾರ ಮನೆಯಲ್ಲಿ ಏನಿತ್ತೆಂದು ಅವಳಿಗೆ ತಿಳಿಯುತ್ತಿತ್ತು. ಅವರಿಗೆ ಗುಡ್ಡೆ ಹಾಕಿಯೇ ಬೀಳುತ್ತಿತ್ತು. ಇನ್ನೊಂದು, ಏಪ್ರನ್ನಿನ ಒಳಬದಿಗೆ ಪ್ಲಾಸ್ಟಿಕ್ ಚೀಲವೊಂದನ್ನು ಪಿನ್ನು ಹಾಕಿ ಸಿಕ್ಕಿಸಿಕೊಂಡಿರುತ್ತಿದ್ದಳು. ನನಗಿಂತ ಐದು ವರ್ಷ ಚಿಕ್ಕವಳು. ಅವರ ಕಡೆ ಅಣ್ಣನಿಗೆ ಮನೋಂಗ್ ಎನ್ನುತ್ತಾರಂತೆ. ಎರಡನೇ ತಿಂಗಳಿಗೆ ನಾನು ಮನೋಂಗ್ ಕ್ಯಾಸ್ ಆದೆ. ನನ್ನ ತಟ್ಟೆಗೂ ಗುಡ್ಡೆ ಬೀಳತೊಡಗಿತು.

ಒಂದು ದಿನ ಆರೋಗ್ಯ ಇಲಾಖೆಯ ತನಿಖೆಯವನು ಬಂದ. ನಾನು ಅಲ್ಲೇ ಹಬೆಯ ಪೈಪಿನ ತಿರುಪು ಬಿಗಿ ಮಾಡುತ್ತಿದ್ದೆ.

"ಏಪ್ರನ್ ಒಳಗೆ ಅದೇನಮ್ಮ?" ಎಂದ.

"ಪಾಸ್‌ಪೋರ್ಟ್."

"ಅಡುಗೆಮನೇಲಿ ಪಾಸ್‌ಪೋರ್ಟ್ ಯಾಕೆ?"

"ನಾನು ಅಡುಗೆಮನೇಲಿ ಇದೀನಲ್ಲ ಸಾರ್, ಅದಕ್ಕೆ."

"ತೆಗೆದು ಲಾಕರ್‌ನಲ್ಲಿಡಿ. ಇಲ್ಲಾಂದ್ರೆ ನಾನು ಬರೀಬೇಕಾಗುತ್ತೆ."

ಅವಳು ಸೌಟು ಕೆಳಗಿಟ್ಟಳು. "ಬರ್ಕೊಳ್ಳಿ. ಬೀಗ ಇರೋ ಜಾಗದಲ್ಲಿ ಮಾತ್ರ ಇಡಲ್ಲ," ಎಂದಳು. ದನಿ ಏರಿಸಲಿಲ್ಲ, ಏಪ್ರನ್ನಿನ ಮೇಲಿಂದಲೇ ಚೀಲವನ್ನು ಒತ್ತಿ ಹಿಡಿದಳು. ತನಿಖೆಯವನು ಬರೆದ, ನಮ್ಮ ಅಡುಗೆಮನೆಗೆ ಎರಡು ಅಂಕ ಹೋಯಿತು. ಅವತ್ತು ಮಧ್ಯಾಹ್ನ ಪಾತ್ರೆ ಒರೆಸುತ್ತಾ ಅವಳು ನನಗೆ ತನ್ನ ಕಥೆ ಹೇಳಿದಳು, ಬೇರೆ ಯಾರದೋ ಕಥೆ ಹೇಳುವವಳ ಹಾಗೆ.

ನರ್ಸ್ ಸಹಾಯಕಿಯ ಕೆಲಸ, ಒಳ್ಳೆಯ ಸಂಬಳ ಎಂದು ಅವಳನ್ನು ಇಲ್ಲಿಗೆ ಕರೆತಂದವರು ಗಂಡ ಹೆಂಡತಿ, ಆರು ಹಾಸಿಗೆಯ ವೃದ್ಧಾಶ್ರಮ ಇಟ್ಟುಕೊಂಡಿದ್ದವರು. ಬಂದ ದಿನವೇ ಪಾಸ್‌ಪೋರ್ಟು ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬಟ್ಟೆ ಒಗೆಯುವ ಕೋಣೆಯಲ್ಲಿ ಮಡಿಸುವ ಮಂಚ, ಆರು ಜನರನ್ನು ಎತ್ತುವುದು, ಇಳಿಸುವುದು, ತೊಳೆಸುವುದು. ಹೊರಗೆ ಹೋದರೆ ಪೊಲೀಸರು ಹಿಡಿಯುತ್ತಾರೆ ಎಂಬ ಹೆದರಿಕೆ. ಐದು ವರ್ಷ. ಸಂಬಳ ಎಂದು ಕೊಟ್ಟದ್ದು ಸೋಪು, ಹಲ್ಲುಪುಡಿಗೆ ಸಾಕಾಗುವಷ್ಟು. ಒಬ್ಬ ಮುದುಕಿಯ ಮಗಳು ಯಾವ ಹೊತ್ತಿಗೆ ಬಂದರೂ ಇದೇ ಹೆಂಗಸು, ಇದೇ ಸ್ವೆಟರು ಎಂದು ಗಮನಿಸಿ ದೂರು ಕೊಟ್ಟಳು. ಕೇಸಾಯಿತು. ಮಾನವ ಕಳ್ಳಸಾಗಣೆ ಎಂದು ದಾಖಲಾದ ಕೇಸು ವಕೀಲರ ಚೌಕಾಸಿಯಲ್ಲಿ ಸವೆದು ಸವೆದು, ಕೊನೆಗೆ ಆ ಗಂಡ ಒಪ್ಪಿಕೊಂಡದ್ದು ಕೂಲಿಯ ದಾಖಲೆ ಸರಿಯಾಗಿ ಇಟ್ಟಿಲ್ಲ ಎಂಬ ತಪ್ಪನ್ನು. ಹತ್ತು ತಿಂಗಳು ಮನೆಯಲ್ಲೇ ಕೂತಿರುವ ಶಿಕ್ಷೆ. ಎರ್ಲಿಂಡಾಳ ಐದು ವರ್ಷದ ಕೂಲಿಯ ಮಾತು ಬಂದಾಗ ನ್ಯಾಯಾಧೀಶರು, ಕಳ್ಳಸಾಗಣೆ ಸಾಬೀತಾಗಿದ್ದರೆ ಮಾತ್ರ ಪರಿಹಾರ ಕೊಡಿಸಲು ತಮಗೆ ಅಧಿಕಾರ ಎಂದರಂತೆ. ಅವತ್ತು ಮಾರ್ಚ್ ಹನ್ನೊಂದು.

"ದುಡ್ಡು ಒಂದು ಕಡೆ ಇರ್ಲಿ ಮನೋಂಗ್," ಎಂದಳು. "ಆ ಐದು ವರ್ಷ ಸರ್ಕಾರದ ಪಿಂಚಣಿ ಪುಸ್ತಕದಲ್ಲಿ ಖಾಲಿ ಇದೆ. ನಾನು ಮಲಗಿದ್ದೆ ಅನ್ನೋ ಹಂಗೆ. ಅಷ್ಟು ಸೇರಿದ್ರೆ ಅರವತ್ತೆರಡಕ್ಕೆ ಕೆಲಸ ಬಿಡಬಹುದು. ಇಲ್ಲಾಂದ್ರೆ ಈ ಮೊಣಕಾಲು ಇಟ್ಕೊಂಡು ಎಪ್ಪತ್ತರವರೆಗೂ ನಿಂತೇ ಬಡಿಸ್ಬೇಕು."

ಅವಳ ಆಸೆ ಇಷ್ಟೇ ಆಗಿತ್ತು, ಕೂತುಕೊಳ್ಳುವುದು.

ನಮ್ಮ ಶಾಸಕ ಟೆರಿ ಹೆಫರ್ನನ್ ಇದೇ ಶಾಲೆಯಲ್ಲಿ ಓದಿದವನು. ನಾಲ್ಕನೇ ತರಗತಿಯಲ್ಲಿ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡಾಗ ಮರದ ಪುಡಿ ಚೆಲ್ಲಿ ಬಳಿದವನು ನಾನು, ಆದ್ದರಿಂದ ಅವನಿಗೆ ಬಹುವಚನ ನನ್ನ ಬಾಯಲ್ಲಿ ಬರುವುದಿಲ್ಲ. ಕೆಟ್ಟವನಲ್ಲ. ಎರ್ಲಿಂಡಾಳ ಕಥೆ ಕೇಳಿ ಒಂದು ಮಸೂದೆ ಬರೆಸಿದ. ಕೇಸು ಚೌಕಾಸಿಯಲ್ಲಿ ಸವೆದುಹೋದರೂ ಕಳ್ಳಸಾಗಣೆಗೆ ಸಿಕ್ಕಿದವರು ನ್ಯಾಯಾಲಯಕ್ಕೆ ಹೋಗಿ ತಮ್ಮ ಕೂಲಿಯನ್ನು ಪರಿಹಾರವಾಗಿ ಕೇಳಬಹುದು, ಶಿಕ್ಷೆಯಾದ ಹತ್ತು ವರ್ಷದೊಳಗೆ. ಅದರ ಜೊತೆಗೆ ಬೇರೆಯದಾಗಿ ಇನ್ನೊಂದು ಮಸೂದೆ, ಶಾಲೆಗಳ ಪೂರ್ತಿ ದುಡ್ಡನ್ನು ಆ ನ್ಯಾಯದ ಸೂತ್ರದಲ್ಲೇ ಹಂಚಬೇಕೆಂದು. ಒಂದು ಎರ್ಲಿಂಡಾಳಿಗೆ, ಒಂದು ಅವಳು ಬಡಿಸುವ ಮಕ್ಕಳಿಗೆ.

ನಮ್ಮ ಸದನದ ಅವಧಿ ಎರಡು ವರ್ಷ. ಅವಧಿ ಮುಗಿಯುವ ನವೆಂಬರ್ ಮೂವತ್ತಕ್ಕೆ ಪಾಸಾಗದ ಮಸೂದೆಗಳೆಲ್ಲ ಸತ್ತುಹೋಗುತ್ತವೆ, ಜನವರಿಯಲ್ಲಿ ಹೊಸ ನಂಬರು ಹೊತ್ತು ಮತ್ತೆ ಹುಟ್ಟಬೇಕು. ಎರ್ಲಿಂಡಾಳ ಮಸೂದೆ ಹೀಗೆ ಎರಡು ಸಲ ಸತ್ತಿತು. ಪ್ರತಿ ಸಲವೂ ಅವಳು ರಾಜಧಾನಿಗೆ ಹೋಗಿ ಸಮಿತಿಯ ಮುಂದೆ ಸಾಕ್ಷಿ ಹೇಳಿದಳು. ಐದು ನಿಮಿಷ ಕೊಡುತ್ತಾರೆ, ಮೇಜಿನ ಮೇಲೆ ಹಸಿರು, ಹಳದಿ, ಕೆಂಪು ದೀಪ. ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುವ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದಳು. ಐದು ವರ್ಷವನ್ನು ಐದು ನಿಮಿಷಕ್ಕೆ ಮಡಿಸಬೇಕು, ಕೊನೆಗೆ ಎಲ್ಲರಿಗೂ ವಂದನೆ ಹೇಳಲು ಹತ್ತು ಸೆಕೆಂಡು ಉಳಿಸಬೇಕು. ಸಮಿತಿಯವರು ಪ್ರತಿ ಸಲ ಅವಳ ಧೈರ್ಯವನ್ನು ಹೊಗಳಿ ಊಟಕ್ಕೆ ಏಳುತ್ತಿದ್ದರು.

"ಧೈರ್ಯ ಬೇಕಾಗಿರೋದು ಅವ್ರಿಗೆ ಮನೋಂಗ್. ನಂದೇನಿದೆ, ಆಗಿದ್ದನ್ನ ಹೇಳಿದೆ ಅಷ್ಟೆ," ಎನ್ನುತ್ತಿದ್ದಳು.

ಮೂರನೇ ಅವಧಿ ಬೇರೆ ಥರ ಇತ್ತು. ಮಸೂದೆ ಸಮಿತಿ ದಾಟಿತು, ಮೇಲ್ಮನೆಯವರೂ ತಲೆಯಾಡಿಸಿದರು. ಉಳಿದದ್ದು ಸದನದ ಕೊನೆಯ ಮತ. ಮಾರ್ಚ್ ಬಂದರೆ ಅವಳ ಹತ್ತು ವರ್ಷ ಮುಗಿಯುತ್ತದೆ, ಹಾಗಾಗಿ ಇದೇ ಕಡೆಯ ಬಸ್ಸು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಬಾಯಿ ಬಿಟ್ಟೆ.

ಸೆಪ್ಟೆಂಬರಿನಲ್ಲಿ ನಮ್ಮ ಊರಿನ ಫೈರ್ ಕಂಪನಿ ಬೀದಿ ಹಬ್ಬ ಮಾಡುತ್ತದೆ. ಬೆಂಕಿ ಆರಿಸುವವರು ನಾವೇ, ಸಂಬಳ ಇಲ್ಲದವರು. ನೀರಿನ ಪೈಪಿಗೆ ದುಡ್ಡು ಬೇಕಾದರೆ ಆಲೂಗಡ್ಡೆ ರೊಟ್ಟಿ ಕರಿದು ಮಾರುತ್ತೇವೆ. ರೊಟ್ಟಿಯ ಟಿಕೆಟ್ಟನ್ನೂ ಲಾಟರಿಯ ಟಿಕೆಟ್ಟನ್ನೂ ಸೇರಿಸಿಯೇ ಹೊಲಿದಿರುತ್ತೇವೆ, ಒಂದೇ ಬೇಕೆಂದರೆ ಸಿಗುವುದಿಲ್ಲ. ನನ್ನಜ್ಜನ ಕಾಲದಿಂದ ಹೀಗೆಯೇ. ನಾನು ಬಾಣಲೆಯ ಮುಂದೆ ನಿಂತಿದ್ದೆ, ಟೆರಿ ತಟ್ಟೆ ಹಿಡಿದು ಬಂದ.

"ಎರ್ಲಿಂಡಾ ಮಸೂದೆ ಆಗೋಯ್ತು ಅಂತಾನೇ ಇಟ್ಕೋ ಕ್ಯಾಸ್. ಅದನ್ನ ಬೇಡ ಅನ್ನೋಕೆ ಯಾರಿಗೂ ಮುಖ ಇಲ್ಲ. ಶಾಲೆದೇ ಕಷ್ಟ. ಸಮಿತಿ ಬಾಗಿಲೇ ದಾಟ್ತಿಲ್ಲ."

"ಹಂಗಾದ್ರೆ ಎರಡನ್ನೂ ಒಂದೇ ಟಿಕೆಟ್ ಮಾಡು," ಎಂದೆ ನಾನು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. "ನಮ್ಮನ್ನ ನೋಡಿ ಕಲಿ. ಪೈಪಿಗೆ ಕೊಡಿ ಅಂದ್ರೆ ಒಬ್ಬನೂ ಬಿಚ್ಚಲ್ಲ. ರೊಟ್ಟಿ ಬೇಕಾ, ಪೈಪಿಗೂ ಕೊಡು ಅಂದ್ರೆ ತೆಪ್ಪಗೆ ಕೊಡ್ತಾರೆ."

ಟೆರಿ ಅಗಿಯುವುದನ್ನು ನಿಲ್ಲಿಸಿದ. "ನೀನು ನೆಲಮಾಳಿಗೇಲಿ ಇರಬೇಕಾದ ಮನುಷ್ಯ ಅಲ್ಲ ಕಣೋ."

"ಅಲ್ಲಿ ಬೆಚ್ಚಗಿರುತ್ತೆ, ಅದಕ್ಕೆ ಇದೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಟೋಬರಿನಲ್ಲಿ ಶಾಲೆಯ ಮಸೂದೆಯನ್ನು ತಿದ್ದುಪಡಿ ಮಾಡಿ ಎರ್ಲಿಂಡಾಳ ಮಸೂದೆಗೆ ಹೊಲಿದರು. ಊರಿಗೆ ಊರೇ ಕುಣಿಯಿತು, ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು. ಹೆಡ್ ಮಾಸ್ತರರು ಕಾರಿಡಾರಿನಲ್ಲಿ ಬ್ಯಾನರು ಕಟ್ಟಿಸಿದರು, ಅದರ ಕೆಳಗೆ ಸೋರುವ ನೀರಿಗೆ ಬಕೆಟ್ಟು. ಎರ್ಲಿಂಡಾ ಒಬ್ಬಳೇ ಆ ಬ್ಯಾನರನ್ನು ಬಹಳ ಹೊತ್ತು ನೋಡಿದಳು.

"ಒಂದೇ ಪಾತ್ರೇಲಿ ಅನ್ನಾನೂ ಸಾರೂ ಬೇಯಿಸಿದ್ರೆ ಎರಡೂ ಬೇಗ ಆಗುತ್ತಾ ಮನೋಂಗ್? ಇದು ಯಾರ ತಲೆಗೆ ಬಂದಿದ್ದು?"

"ರಾಜಧಾನಿಯವರಿಗೆ ಗೊತ್ತಿರುತ್ತೆ ಬಿಡು," ಎಂದು ನಾನು ಬಾಯ್ಲರ್ ಕಡೆ ಇಳಿದುಬಿಟ್ಟೆ. ಹೇಡಿ.

ಸದನ ಸೇರುವ ಕೊನೆಯ ದಿನ ನಲವತ್ತು ಜನ ಶಾಲೆಯ ಹಳದಿ ಬಸ್ಸಿನಲ್ಲಿ ಹೋದೆವು. ಎರ್ಲಿಂಡಾ ನೀಲಿ ಕೋಟು ಹಾಕಿದ್ದಳು, ಒಳಗೆ ಪಾಸ್‌ಪೋರ್ಟು. ನಮ್ಮನ್ನು ಮೇಲಿನ ಗ್ಯಾಲರಿಯಲ್ಲಿ ಕೂರಿಸಿದರು. ಟೆರಿ ಅವಳ ಹೆಸರು ಹೇಳಿದಾಗ ಇಡೀ ಸದನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವಳೂ ಎದ್ದು ನಿಂತಳು, ಕೈ ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಗುಂಡಿ ಹಿಡಿದುಕೊಂಡಳು. ಹತ್ತು ನಿಮಿಷವಾಗಿರಲಿಲ್ಲ, ಲಾರೆಲ್ ಹೈಟ್ಸ್ ಕಡೆಯ ಶಾಸಕಿ ಎದ್ದಳು. ಬೆಳ್ಳಿ ಕೂದಲು, ಬೆಣ್ಣೆಯಂಥ ಮಾತು.

"ಈ ಸೋದರಿಯ ನೋವು ನನ್ನ ಹೃದಯವನ್ನು ತಟ್ಟಿದೆ. ಆದರೆ ಮಾನ್ಯರೇ, ಒಂದು ಮಸೂದೆಗೆ ಒಂದೇ ವಿಷಯ ಎಂದು ನಮ್ಮ ರಾಜ್ಯದ ಸಂವಿಧಾನ ಹೇಳುತ್ತದೆ. ಇಲ್ಲಿ ಕಳ್ಳಸಾಗಣೆಯೂ ಇದೆ, ಶಾಲೆಯ ಅನುದಾನವೂ ಇದೆ. ಇವೆರಡರ ನಡುವೆ ಏನು ಸಂಬಂಧ?"

ಸಂಬಂಧ ಗ್ಯಾಲರಿಯ ಮೂರನೇ ಸಾಲಿನಲ್ಲಿ ಕೂತಿತ್ತು. ಆದರೆ ಗ್ಯಾಲರಿಯವರು ಮಾತಾಡುವ ಹಾಗಿಲ್ಲ. ಮಸೂದೆ ಸಂವಿಧಾನಕ್ಕೆ ಸರಿಯೋ ತಪ್ಪೋ ಎಂದು ಮತಕ್ಕೆ ಹಾಕಿದರು. ಗೋಡೆಯ ಹಲಗೆಯಲ್ಲಿ ಒಂದೊಂದೇ ದೀಪ ಕೆಂಪಾಗುತ್ತಾ ಹೋಯಿತು. ಈಗಷ್ಟೇ ಚಪ್ಪಾಳೆ ತಟ್ಟಿದ ಕೈಗಳೇ ಆ ಗುಂಡಿ ಒತ್ತಿದವು. ಯಾರೂ ಎರ್ಲಿಂಡಾಳಿಗೆ ಬೇಡ ಅನ್ನಲಿಲ್ಲ, ಶಾಲೆಗೂ ಬೇಡ ಅನ್ನಲಿಲ್ಲ. ನಿಯಮಕ್ಕೆ ಮಾತ್ರ ಜೈ ಅಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಸತ್ತದ್ದು ನಮ್ಮ ಮಸೂದೆ.

ನಾನು ಮೆಟ್ಟಿಲಿಳಿದು ಓಡಿ ಟೆರಿಯ ತೋಳು ಹಿಡಿದೆ. "ಬಿಚ್ಚು ಅದನ್ನ. ಶಾಲೆದು ಕಿತ್ತಾಕು. ಅವಳದ್ದನ್ನ ಈಗಲೇ ಮತಕ್ಕೆ ಹಾಕ್ಸು."

"ಬಿಚ್ಚಿದ್ರೆ ಅದು ತಿದ್ದಿದ ಮಸೂದೆ ಆಗುತ್ತೆ ಕ್ಯಾಸ್. ತಿದ್ದಿದ್ದು ಒಂದು ದಿನ ಮೇಜಿನ ಮೇಲಿರಬೇಕು, ಅದೂ ನಿಯಮಾನೇ."

"ನಾಳೆ ಬನ್ನಿ ಹಂಗಾದ್ರೆ."

"ನಾಳೆಯಿಂದ ಭಾನುವಾರದವರೆಗೂ ಹಬ್ಬದ ರಜೆ."

"ಸೋಮವಾರ? ಮೂವತ್ತು ಅವತ್ತೇ ತಾನೆ?"

ಟೆರಿ ನನ್ನ ಮುಖ ನೋಡಿದ. "ಸೋಮವಾರ ಜಿಂಕೆ ಬೇಟೆ ಶುರು ಅಲ್ವಾ."

ಜಿಂಕೆ ಬೇಟೆಯ ಮೊದಲ ದಿನ ನಮ್ಮ ಕಡೆ ಯಾರೂ ಕೆಲಸ ಮಾಡುವುದಿಲ್ಲ, ನಮ್ಮ ಶಾಲೆಗೂ ರಜೆ. ನಾನೂ ಬಂದೂಕಿಗೆ ಎಣ್ಣೆ ಹಾಕಿಟ್ಟಿದ್ದೆ. ಅವರನ್ನು ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಆ ವರ್ಷ ಮಾತ್ರ ನಾನು ಕಾಡಿಗೆ ಹೋಗಲಿಲ್ಲ, ಆ ಬಂದೂಕನ್ನು ಮುಟ್ಟಲು ಮನಸ್ಸಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಪಕ್ಕ ಹೋಗಿ ಕೂತೆ.

"ಎರ್ಲಿ, ಒಂದೇ ಟಿಕೆಟ್ ಮಾಡು ಅಂತ ಟೆರಿಗೆ ಹೇಳಿದ್ದು ನಾನು."

ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ನಂದೊಂದೇ ಇದ್ದಿದ್ರೆ ಆಗ್ತಿತ್ತಾ?"

"ಆಗ್ತಿತ್ತಂತೆ."

ಕೈಚೀಲ ಎತ್ತಿ ನಮ್ಮಿಬ್ಬರ ನಡುವೆ ಇಟ್ಟಳು. ಆಮೇಲೆ, "ಸರಿ, ಮಿಸ್ಟರ್ ಯುರ್ಕಾವೇಜ್," ಎಂದಳು. ಅವಳ ಬಾಯಿಂದ ನನ್ನ ಮನೆತನದ ಹೆಸರು ಕೇಳಿದ್ದು ಅದೇ ಮೊದಲು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ರಜೆ ಮುಗಿದು ಶಾಲೆ ತೆರೆದ ದಿನದಿಂದ ನನ್ನ ತಟ್ಟೆಗೆ ಸರ್ಕಾರದ ಅಳತೆ. ಸೌಟನ್ನು ಪಾತ್ರೆಯ ಅಂಚಿಗೆ ಎಳೆದು, ಸಮ ಮಾಡಿ, ಒಂದು ಕಾಳು ಹೆಚ್ಚಿಲ್ಲದ ಹಾಗೆ. ಚಳಿಗಾಲ ಪೂರ್ತಿ ಹಾಗೇ ಉಂಡೆ.

ಜನವರಿಯಲ್ಲಿ ಟೆರಿಯ ಕಚೇರಿಗೆ ಹೋಗಬೇಕೆಂದಳು. ನಮ್ಮದು ಬಸ್ಸಿಲ್ಲದ ಊರು, ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ಸಿಟ್ಟು ಎಷ್ಟಿದ್ದರೂ ನನ್ನ ಟ್ರಕ್ಕೇ ಗತಿ.

"ಹೆಫರ್ನನ್ ಸಾಹೇಬ್ರೇ, ಮಾರ್ಚ್ ಹನ್ನೊಂದಕ್ಕೆ ನಂದು ಹತ್ತು ವರ್ಷ ತುಂಬುತ್ತೆ. ಅಷ್ಟರೊಳಗೆ ಆಗುತ್ತಾ?"

"ಫೆಬ್ರವರಿ, ಮಾರ್ಚ್ ಪೂರಾ ಬಜೆಟ್ ವಿಚಾರಣೆ ಅಮ್ಮ. ಮತಕ್ಕೆ ಏನೂ ಬರಲ್ಲ. ಬೇಗ ಅಂದ್ರೆ ಜೂನ್. ಈ ಸಲ ಬೇರೆ ಬೇರೇನೇ ತರ್ತೀನಿ, ಆಣೆ ಮಾಡ್ತೀನಿ."

"ಹಂಗಾದ್ರೆ ಹತ್ತು ಅಂತಿರೋದನ್ನ ಹನ್ನೊಂದು ಮಾಡಿ."

ಟೆರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಆ ಹತ್ತಕ್ಕೆ ಎರಡು ವರ್ಷ ಚೌಕಾಸಿ ಆಗಿದೆ. ಮೇಲ್ಮನೆಯವರು ಐದು ಅಂದ್ರು, ನಾವು ಹದಿನೈದು ಅಂದ್ವಿ. ಈಗ ಆ ಗಂಟು ಬಿಚ್ಚಿದ್ರೆ ಮತ್ತೆ ಐದಕ್ಕೆ ಎಳೀತಾರೆ. ಐದಾದ್ರೆ ಇನ್ನೊಂದು ಕೇಸಿದೆ, ಮೋಟೆಲ್‌ನಲ್ಲಿ ಕೂಲಿ ಕೊಡದೆ ದುಡಿಸ್ಕೊಂಡಿದ್ದು, ಆ ಮೂರು ಹುಡುಗೀರಿಗೂ ಇಲ್ಲ, ಅವರದ್ದು ಆರು ವರ್ಷದ ಹಿಂದಿನ ಶಿಕ್ಷೆ."

ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. "ಒಂದು ಸಂಖ್ಯೆ ಕಣೋ ಟೆರಿ. ಒಂದೇ ಒಂದು. ಮೂರು ಸಲ ಬಂದು ನಿಮ್ಮ ದೀಪದ ಮುಂದೆ ಕೂತು ಹೇಳಿದಾಳೆ. ಮುಟ್ಟಲ್ಲ ಅಂದ್ರೆ ಅವಳ ಹೆಸರು ಎತ್ತಬೇಡ, ಅವಳ ಕಥೆ ಹೇಳ್ಕೊಂಡು ಓಟು ಕೇಳಬೇಡ. ಬೀಳಲಿ ಬಿಡು ಮಸೂದೆ, ನಾಲ್ಕನೇ ಸಲಾನೂ ಬೀಳಲಿ."

"ಕೂತ್ಕೊಳ್ಳಿ ಮಿಸ್ಟರ್ ಯುರ್ಕಾವೇಜ್," ಎಂದಳು ಎರ್ಲಿಂಡಾ. ಆಮೇಲೆ ಟೆರಿಯ ಕಡೆ ತಿರುಗಿದಳು. "ನಾನು ಬಡಿಸೋಳು ಸಾಹೇಬ್ರೇ. ಕೆಲವು ಸಲ ಸಾಲಲ್ಲಿ ಒಂದು ಮಗೂಗೆ ಬಂದಾಗ ಪಾತ್ರೆ ಖಾಲಿ ಆಗುತ್ತೆ. ಒಳಗಿಂದ ಇನ್ನೊಂದು ಪಾತ್ರೆ ಬರುತ್ತೆ, ಆದ್ರೆ ಆ ಮಗು ಗಂಟೆ ಹೊಡೀತು ಅಂತ ಹೋಗಿರುತ್ತೆ. ಅದಕ್ಕೆ ಹಿಂದಿರೋರಿಗೆ ಬಡಿಸ್ಬೇಡ ಅಂತ ಯಾರೂ ಹೇಳಲ್ಲ. ಹತ್ತು ಅಂತಾನೇ ಬರೀರಿ."

"ನಿಮ್ಮ ಹೆಸರು ಇಡಬಹುದಾ ಅದಕ್ಕೆ? ಹೆಸರಿದ್ರೆ ಬೇಗ ಪಾಸಾಗುತ್ತೆ."

ಅವಳು ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. "ಹೆಸರಿಗೇನು, ಇಟ್ಕೊಳ್ಳಿ," ಎಂದಳು.

ಮಾರ್ಚ್ ಹನ್ನೊಂದರಂದು ನಾನು ಮೂರು ಸಲ ಅಡುಗೆಮನೆಗೆ ಏನಾದರೂ ನೆಪ ಮಾಡಿಕೊಂಡು ಹೋದೆ. ಅವಳು ಎಂದಿನಂತೆ ಮುನ್ನೂರ ಹನ್ನೆರಡು ಮಕ್ಕಳಿಗೆ ಬಡಿಸಿದಳು. ತಟ್ಟೆ ಬೀಳಿಸಲಿಲ್ಲ, ಕಣ್ಣು ಒರೆಸಿಕೊಳ್ಳಲಿಲ್ಲ, ಯಾರನ್ನೂ ಗದರಲಿಲ್ಲ. ನನಗೆ ಅದೇ ಸಿಟ್ಟು. ಎರಡು ತಟ್ಟೆ ಒಡೆದಿದ್ದರೆ ನಾನೇ ಗುಡಿಸಿ ಹಾಕುತ್ತಿದ್ದೆ, ನನಗಾದರೂ ಸಮಾಧಾನವಾಗುತ್ತಿತ್ತು.

ಜೂನಿನಲ್ಲಿ ಎರ್ಲಿಂಡಾ ಕಾನೂನು ಒಂದೂ ಕೆಂಪು ದೀಪವಿಲ್ಲದೆ ಪಾಸಾಯಿತು. ಗವರ್ನರು ಸಹಿ ಹಾಕುವಾಗ ಹನ್ನೆರಡು ಪೆನ್ನು ಇಟ್ಟುಕೊಂಡಿದ್ದರು, ಒಂದೊಂದು ಅಕ್ಷರಕ್ಕೆ ಒಂದೊಂದು, ಆಮೇಲೆ ಪ್ರಸಾದದ ಹಾಗೆ ಹಂಚಿದರು. ಎರ್ಲಿಂಡಾಳಿಗೂ ಒಂದು ಸಿಕ್ಕಿತು. ಪತ್ರಿಕೆಯ ಹುಡುಗಿಯೊಬ್ಬಳು ಮೈಕು ಹಿಡಿದು, ಈ ಕ್ಷಣದಲ್ಲಿ ಹೇಗನ್ನಿಸುತ್ತಿದೆ ಎಂದು ಕೇಳಿದಳು.

"ಮೊಣಕಾಲು ನೋಯ್ತಿದೆ. ಕುರ್ಚಿ ಇದ್ಯಾ ಇಲ್ಲಿ?" ಎಂದಳು ಎರ್ಲಿಂಡಾ. ಅದು ಪತ್ರಿಕೆಯಲ್ಲಿ ಬರಲಿಲ್ಲ.

ಟ್ರಕ್ಕು ಹತ್ತಿದ ಮೇಲೆ ಪೆನ್ನನ್ನು ನನ್ನ ಅಂಗಿಯ ಜೇಬಿಗೆ ಸಿಕ್ಕಿಸಿದಳು. "ತಗೋ ಮನೋಂಗ್. ನಿನ್ನ ಬಾಯ್ಲರ್ ಪುಸ್ತಕಕ್ಕೆ. ಏನು ಬೇಕಾದ್ರೂ ಬರಿ, ರಾಜಕೀಯದವರ ಹತ್ರ ಮಾತ್ರ ಬಾಯಿ ಬಿಡಬೇಡ." ಏಳು ತಿಂಗಳ ಮೇಲೆ ಮನೋಂಗ್ ಅನ್ನಿಸಿಕೊಂಡೆ. ಸಂತೋಷವಾಯಿತು. ಇಷ್ಟು ಅಗ್ಗಕ್ಕೆ ಕ್ಷಮೆ ಸಿಕ್ಕಿತಲ್ಲ ಎಂದು ನಾಚಿಕೆಯೂ ಆಯಿತು.

ಶಾಲೆಯ ಮಸೂದೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಅದನ್ನು ಅಧ್ಯಯನ ಸಮಿತಿಗೆ ಒಪ್ಪಿಸಿದರು. ಸಮಿತಿಯವರು ನಲವತ್ತು ಪುಟದ ಪ್ರಶ್ನಾವಳಿ ಕಳಿಸಿದರು. ಹತ್ತೊಂಬತ್ತನೇ ಪುಟದಲ್ಲಿ, ನಿಮ್ಮ ಶಾಲೆಯ ಈಜುಕೊಳದ ಸ್ಥಿತಿ ಹೇಗಿದೆ ಎಂದಿತ್ತು. ಗವರ್ನರ ಪೆನ್ನಿನಲ್ಲೇ ಉತ್ತರ ಬರೆದೆ, ಸಂಗೀತದ ಕೋಣೆಯಲ್ಲಿದೆ, ಮಳೆಗಾಲದಲ್ಲಿ ತುಂಬುತ್ತದೆ ಎಂದು. ಹೆಡ್ ಮಾಸ್ತರರು ಅದನ್ನು ಅಳಿಸಿದರು.

ಮೊನ್ನೆ ಅಕ್ಟೋಬರಿನಲ್ಲಿ, ಊಟದ ಹೊತ್ತು ಮುಗಿಯುತ್ತಿದ್ದಾಗ, ಶಾಲೆಯ ಕಚೇರಿಯಲ್ಲಿ ಕೊಡುವ ಸಂದರ್ಶಕರ ಚೀಟಿ ಅಂಟಿಸಿಕೊಂಡ ಹೆಣ್ಣುಮಗಳೊಬ್ಬಳು ಬಡಿಸುವ ಕಿಟಕಿಯ ಮುಂದೆ ಬಂದು ನಿಂತಳು. ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸು, ಕೈಯಲ್ಲಿ ಸಿಹಿ ಬ್ರೆಡ್ಡಿನ ಪೊಟ್ಟಣ. ಗ್ವಾಟೆಮಾಲಾದವಳು, ನೊಯೆಮಿ ಅಂತೆ. ಮೋಟೆಲ್ ಕೇಸಿನ ಮೂವರಲ್ಲಿ ಒಬ್ಬಳು. ಎರಡು ಬಸ್ಸು ಬದಲಿಸಿ, ಕೊನೆಯ ಆರು ಮೈಲಿ ಯಾರದೋ ಕಾರಿನಲ್ಲಿ ಬಂದಿದ್ದಳು.

"ನೀವೇನಾ ಎರ್ಲಿಂಡಾ ಕಾನೂನು?" ಎಂದಳು.

ಅಡುಗೆಮನೆಯವರೆಲ್ಲ ನಕ್ಕರು. ಎರ್ಲಿಂಡಾಳೂ ನಕ್ಕಳು. "ಹೂಂ, ನಾನೇ. ಇಷ್ಟೇ ಉದ್ದ ಕಾನೂನು."

ನೊಯೆಮಿ ನಗಲಿಲ್ಲ. ಪೊಟ್ಟಣವನ್ನು ಎರಡೂ ಕೈಯಲ್ಲಿ ಕಿಟಕಿಯೊಳಕ್ಕೆ ನೀಡಿದಳು. "ನ್ಯಾಯಾಲಯ ಮೊನ್ನೆ ನಂಗೆ ಬರೆದುಕೊಡ್ತು. ಮೂರು ವರ್ಷದ ಕೂಲಿ ಪೂರ್ತಿ. ನಾನು ಕೆಲಸ ಮಾಡಿದ್ದು ನಿಜ ಅಂತ ಅದರಲ್ಲೇ ಬರೆದಿದೆ. ನಿಮ್ಮಿಂದಾನೇ ಆಗಿದ್ದು ಅಂತ ವಕೀಲರು ಹೇಳಿದ್ರು. ಅದಕ್ಕೆ ನೋಡ್ಕೊಂಡು ಹೋಗೋಣ ಅಂತ ಬಂದೆ." ಆಮೇಲೆ ಮುಖ ಅರಳಿಸಿಕೊಂಡು ಕೇಳಿದಳು, "ನಿಮ್ಮದು ಐದು ವರ್ಷ ಅಲ್ವಾ? ನಿಮಗೆ ಎಷ್ಟು ಸಿಕ್ತು?"

ಪಾತ್ರೆ ತೊಳೆಯುವವಳು ನಲ್ಲಿ ನಿಲ್ಲಿಸಿದಳು. ನಾನು ಹಬೆಯ ಪೈಪಿನ ಮೇಲಿದ್ದ ಕೈಯನ್ನು ತೆಗೆಯಲಿಲ್ಲ, ಸುಡುತ್ತಿತ್ತು.

ಎರ್ಲಿಂಡಾ ಒಂದು ತಟ್ಟೆ ತೆಗೆದುಕೊಂಡಳು. "ಊಟ ಆಯ್ತಾ ನಿಂದು?"

"ಇಲ್ಲ, ಬೇಡ, ನಾನು—"

"ಎರಡು ಬಸ್ಸು ಬದಲಾಯಿಸಿದೀಯ. ಕೂತ್ಕೋ ಅಲ್ಲಿ." ಸೌಟನ್ನು ತುಂಬಿ, ಸಮ ಮಾಡದೆ, ಗುಡ್ಡೆ ಹಾಕಿದಳು. ಅದರ ಮೇಲೆ ಇನ್ನೊಂದು ಹಾಕಿದಳು. ನೊಯೆಮಿ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಿಸಿ ಕೂತು ತಿನ್ನತೊಡಗಿದಳು, ಎರ್ಲಿಂಡಾ ಕಿಟಕಿಗೆ ಒರಗಿ ಅವಳು ತಿನ್ನುವುದನ್ನು ನೋಡುತ್ತಾ ನಿಂತಳು.

ನಾನು ನೆಲಮಾಳಿಗೆಗೆ ಇಳಿದೆ. ಬಾಯ್ಲರಿನ ಪಕ್ಕದಲ್ಲಿ ನಿಂತು ಎಷ್ಟು ಜೋರಾಗಿ ಬೈದರೂ ಮೇಲಕ್ಕೆ ಕೇಳಿಸುವುದಿಲ್ಲ.